ಪಕ್ಕದ ಸೀಟು

ಬೇ ಸಿಟಿ, ಮಿಶಿಗನ್
8 ಮಾರ್ಚ್ 1981

ಪ್ರೀತಿಯ ಅಪ್ಪ,

ಇಲ್ಲಿ ಕೊಲ್ಲಿಯ ಮಂಜುಗಡ್ಡೆ ಇನ್ನೂ ಒಡೆದಿಲ್ಲ. ಅದರ ಮೇಲೆ ಗೂಡು ಹಾಕಿಕೊಂಡು ಮೀನು ಹಿಡಿಯುವವರು ಇನ್ನೂ ಎದ್ದು ಹೋಗಿಲ್ಲ. ನಿನ್ನ ಟೆಕ್ಸಾಸಿನಲ್ಲಿ ಆಗಲೇ ಸೆಕೆಯಂತೆ. ಎಣ್ಣೆ ಬಾವಿಯ ಕೆಲಸದಲ್ಲಿ ಕೈ ಸುಟ್ಟುಕೊಂಡಿದ್ದೆಯಲ್ಲ, ವಾಸಿಯಾಯಿತೇ?

ವಿಷಯಕ್ಕೆ ಬರುತ್ತೇನೆ. ಮೇ ಹದಿನಾರಕ್ಕೆ ನನಗೆ ಹದಿನಾರು ತುಂಬುತ್ತದೆ, ಲೈಸೆನ್ಸ್ ಸಿಗುತ್ತದೆ. ಅಮ್ಮ ಎಲ್ಡನ್‌ನನ್ನು ಮದುವೆಯಾದಾಗಿನಿಂದ ಪ್ರತಿ ಶನಿವಾರ ಅವನ ಹೂವಿನ ಅಂಗಡಿಯಲ್ಲಿ ಗುಲಾಬಿಯ ಮುಳ್ಳು ಬಿಡಿಸಿ ಕೂಡಿಟ್ಟ ಹಣವಿದೆ. ಅದರಲ್ಲಿ ಕಾರು ಕೊಳ್ಳುತ್ತೇನೆ. ಎಂಥದೋ ಕಾರಲ್ಲ, ಮಸಲ್ ಕಾರು. ಉದ್ದ ಮೂತಿ, ಎಂಟು ಸಿಲಿಂಡರ್, ಸಿಗ್ನಲ್‌ನಲ್ಲಿ ಸುಮ್ಮನೆ ನಿಂತಿದ್ದರೂ ಎದೆಗೂಡು ನಡುಗಬೇಕು. ನೀನು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೀರಿಂಗ್ ಹಿಡಿಸುತ್ತಿದ್ದೆಯಲ್ಲ, ಅಂಥದು. ಪೆಟ್ರೋಲ್ ತುಟ್ಟಿಯಾದ ಮೇಲೆ ಅವನ್ನು ಯಾರೂ ಕೇಳುವವರಿಲ್ಲ, ಅಗ್ಗಕ್ಕೆ ಸಿಗುತ್ತವೆ.

ಅಮ್ಮನಿಗೆ ಹೇಳಿದ್ದಕ್ಕೆ, "ಒಬ್ಬನ ಕಾರಿನ ಹುಚ್ಚು ಸಹಿಸ್ಕೊಂಡಿದ್ದು ಸಾಲ್ದು ಅಂತ ಈಗ ನಿಂದು ಬೇರೆ ಶುರುವಾಯ್ತಾ" ಎಂದಳು. ಎಲ್ಡನ್ ಆಲೂಗಡ್ಡೆ ಸುಲಿಯುತ್ತಿದ್ದವನು, "ನೋಡೋದಕ್ಕೇನು ಮಾರ್ಲಾ, ಹೋಗಿ ನೋಡ್ಕೊಂಡು ಬರ್ತೀವಿ" ಎಂದ.

ಹಳೆಯ ಕಾರು ನೋಡುವಾಗ ಏನೇನು ಪರೀಕ್ಷಿಸಬೇಕು, ಬರೆದು ಕಳಿಸು.

ನಿನ್ನ
ಕೊರಿನ್


ಒಡೆಸ್ಸಾ, ಟೆಕ್ಸಾಸ್
17 ಮಾರ್ಚ್ 1981

ಕೋರಿ ಮಗಳೇ,

ನಿನ್ನ ಪತ್ರವನ್ನು ಊಟದ ಹೊತ್ತಿನಲ್ಲಿ ಓದಿದೆ. ಜೊತೆಯವರಿಗೆಲ್ಲ ಕೂಗಿ ಹೇಳಿದೆ, ನನ್ನ ಮಗಳು ಬೊಂಬೆ ಕಾರು ಬೇಡ ಅಂದಿದ್ದಾಳೆ ಎಂದು. ಅಂದು ಇಡೀ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಈಗ ಕೇಳು. ಕಾರನ್ನು ಬೆಳಗ್ಗೆಯೇ ಹೋಗಿ ನೋಡು. ಹೋಗುವ ಮೊದಲೇ ಅವರು ಇಂಜಿನ್ ಬಿಸಿ ಮಾಡಿಟ್ಟಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದರ್ಥ. ಹಿಂದಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಅಂಟಿದ್ದರೆ ನೀರು ಸೇರಿದೆ, ಅಲ್ಲಿಂದ ಎದ್ದು ಬಾ. ಒಂದು ಆಯಸ್ಕಾಂತ ಇಟ್ಟುಕೊ. ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಅಂಚು, ಅಲ್ಲೆಲ್ಲ ಹಚ್ಚಿ ನೋಡು. ಹಿಡಿಯದಿದ್ದರೆ ಕೆಳಗಿರುವುದು ತಗಡಲ್ಲ, ತುಕ್ಕಿನ ತೂತಿಗೆ ಮೆತ್ತಿದ ಪುಟ್ಟಿ. ಅಲ್ಲಿ ನಮ್ಮೂರ ರಸ್ತೆಗೆ ಚಳಿಗಾಲದಲ್ಲಿ ಹಿಮ ಕರಗಿಸಲು ಸುರಿಯುವ ಉಪ್ಪು ಯಾವ ಕಾರನ್ನೂ ಬಿಡುವುದಿಲ್ಲ.

ಆದರೆ ಇದನ್ನೆಲ್ಲ ಸುಮ್ಮನೆ ತಿಳಿದುಕೊಂಡಿರು. ಕೊಳ್ಳಬೇಡ. ನಿನ್ನ ಹುಟ್ಟುಹಬ್ಬಕ್ಕೆ ನಾನೇ ಬರುತ್ತೇನೆ, ಇಬ್ಬರೂ ಹೋಗಿ ಆರಿಸೋಣ. ಮೊದಲ ಕಾರನ್ನು ಮಗಳಿಗೆ ಅಪ್ಪ ಆರಿಸಿಕೊಡಬೇಕು.

ಆ ಹೂವಾಡಿಗನನ್ನು ಕರೆದುಕೊಂಡು ಹೋಗಬೇಡ. ಅವನು ಬಣ್ಣ ನೋಡಿ ತಲೆಯಾಡಿಸುತ್ತಾನೆ. ಹೆಣಕ್ಕೆ ಹಾರ ಕಟ್ಟುವವನಿಗೆ ಇಂಜಿನ್ ಯಾವ ಕಡೆ ಇರುತ್ತದೆ ಎಂದಾದರೂ ಗೊತ್ತೇ?

ಕೈ ವಾಸಿಯಾಗಿದೆ.

ನಿನ್ನ ಅಪ್ಪ
ಲಾಯ್ಡ್ ಟ್ರಾಂಬ್ಲಿ


ಬೇ ಸಿಟಿ
5 ಏಪ್ರಿಲ್ 1981

ಪ್ರೀತಿಯ ಅಪ್ಪ,

ಕೋಪ ಮಾಡಿಕೊಳ್ಳಬೇಡ, ಸುಮ್ಮನೆ ನೋಡಿಬರೋಣ ಎಂದೇ ಹೋದೆವು. ಪಿನ್‌ಕಾನಿಂಗ್ ಹತ್ತಿರ ಒಂದು ಡಸ್ಟರ್ ಕಾರು ಇದೆ. ಎಪ್ಪತ್ತೊಂದರದು, ಕಿತ್ತಳೆ ಬಣ್ಣ, ಕೈ ಗೇರು.

ಅದರ ಒಡತಿ ಬರ್ನಡೆಟ್. ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಬೇಸಿಗೆಯಲ್ಲಿ ಇದೇ ಕಾರನ್ನು ರೇಸಿಗೆ ಓಡಿಸುತ್ತಿದ್ದಳಂತೆ. ಈಗ ಬಸುರಿ, ಅವಳಿ ಮಕ್ಕಳು. ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳಿದಳು, "ಹೊಟ್ಟೆ ಸ್ಟೀರಿಂಗಿಗೆ ತಾಗುತ್ತೆ, ಕ್ಲಚ್ಚು ಕಾಲಿಗೆ ಸಿಗಲ್ಲ. ಮಾರದೆ ಏನ್ ಮಾಡ್ಲಿ? ಆದ್ರೆ ಗಂಡಸರಿಗೆ ಕೊಡಲ್ಲ ಕಣೇ. ಮೂರು ಜನ ಬಂದಿದ್ರು, ಮೂರೂ ಜನ ನನ್ನನ್ನ ಬಿಟ್ಟು ನನ್ನ ಗಂಡನ ಹತ್ರ ರೇಟು ಕೇಳಿದ್ರು. ಅವನಿಗೆ ಬೋಲ್ಟು ಯಾವುದು ನಟ್ಟು ಯಾವುದು ಗೊತ್ತಿಲ್ಲ." ಆಮೇಲೆ ಎಲ್ಡನ್ ಕಡೆ ತಿರುಗಿ, "ನಿನಗೇನಯ್ಯಾ ಗೊತ್ತು?" ಎಂದಳು.

"ಏನೂ ಗೊತ್ತಿಲ್ಲಮ್ಮ. ಗೊತ್ತಿರೋರು ಬರ್ದು ಕಳ್ಸಿದಾರೆ" ಎಂದು ಎಲ್ಡನ್ ಜೇಬಿನಿಂದ ನಿನ್ನ ಪತ್ರ ತೆಗೆದ. ನಾನೇ ಕೊಟ್ಟಿದ್ದೆ. ಹೂವಾಡಿಗ ಎನ್ನುವ ಭಾಗವನ್ನು ಹಿಂದಕ್ಕೆ ಮಡಚಿ ಕೊಟ್ಟಿದ್ದೆ, ಆದರೂ ಅವನು ಓದಿದ್ದಾನೆ ಅನ್ನಿಸುತ್ತದೆ. ಒಂದೊಂದು ಸಾಲೂ ಗಟ್ಟಿಯಾಗಿ ಓದಿ ಒಂದೊಂದನ್ನೇ ನೋಡಿದ. ನಮ್ಮ ಫ್ರಿಜ್ಜಿನ ಮೇಲಿದ್ದ ಕೋಳಿಮರಿ ಆಯಸ್ಕಾಂತ ತಂದಿದ್ದ. ಅಂಗಡಿಯ ಏಪ್ರನ್ ತೊಟ್ಟುಕೊಂಡೇ ಕೆಸರಲ್ಲಿ ಅಂಗಾತ ಮಲಗಿ ಕಾರಿನಡಿ ಸರಿದ. ಬರ್ನಡೆಟ್‌ಗೆ ನಗು ತಡೆಯಲಾಗಲಿಲ್ಲ. ಹೊಗೆ ನೀಲಿ ಇಲ್ಲ. ಆಯಿಲ್ ಮುಚ್ಚಳ ಚೊಕ್ಕಟ. ಚಾಲಕನ ಕಾಲ ಕೆಳಗೆ ತುಕ್ಕು ಹಿಡಿದು ತೂತಾಗಿ ರಸ್ತೆ ಕಾಣುತ್ತದೆ, ಎಡ ಬಾಗಿಲ ತಳಕ್ಕೆ ಕೋಳಿಮರಿ ಅಂಟಲಿಲ್ಲ. ಅದನ್ನು ಅವಳೇ ಮೊದಲು ಹೇಳಿದ್ದಳು.

ಆಮೇಲೆ ನನ್ನನ್ನು ಕೂರಿಸಿ ಸ್ಟಾರ್ಟ್ ಮಾಡಿಸಿದಳು. ಅಪ್ಪ, ಆ ಸದ್ದು! ಅದರ ಬಗ್ಗೆ ನಿನಗೆ ಬರೆದು ತಿಳಿಸಬೇಕಾಗಿಲ್ಲ.

ಹೊರಡುವಾಗ ಬರ್ನಡೆಟ್ ನನ್ನ ಹತ್ತಿರ, "ಒಳ್ಳೇ ಮನುಷ್ಯ. ನಿಮ್ಮಪ್ಪಾನೇ ತಾನೆ?" ಎಂದು ಕೇಳಿದಳು.

ಕೊಲ್ಲಿಯ ಮಂಜುಗಡ್ಡೆ ಕೊನೆಗೂ ಒಡೆಯಿತು. ಕಾರು ನಿನಗೆ ಹಿಡಿಸುತ್ತದೆ, ನೋಡುತ್ತಿರು.

ನಿನ್ನ
ಕೊರಿನ್


ಒಡೆಸ್ಸಾ
11 ಏಪ್ರಿಲ್ 1981

ಕೊರಿನ್,

ಆ ಕಾರನ್ನು ಕೊಳ್ಳಬೇಡ. ನೆಲ ತೂತಾಗಿರುವ ಗಾಡಿಯಲ್ಲಿ ನನ್ನ ಮಗಳು ಕೂರುವುದು ಬೇಡ.

ಇಲ್ಲಿ ಒಂದು ಶೆವೆಲ್ ಕಾರು ನೋಡಿದ್ದೇನೆ. ಎಪ್ಪತ್ತರದು, ಕಪ್ಪು, ಬಾನೆಟ್ ಮೇಲೆ ಎರಡು ಬಿಳಿ ಪಟ್ಟೆ. ಈ ಮರಳುಗಾಡಲ್ಲಿ ಉಪ್ಪೂ ಇಲ್ಲ ಮಳೆಯೂ ಇಲ್ಲ, ತುಕ್ಕಿನ ಒಂದು ಚುಕ್ಕೆಯೂ ಇಲ್ಲ. ನಿನ್ನ ಡಸ್ಟರ್ ಅದರ ಹಿಂದೆ ಧೂಳು ತಿನ್ನುತ್ತದೆ. ಅದನ್ನು ಕೊಂಡು, ನಾನೇ ಓಡಿಸಿಕೊಂಡು ಹುಟ್ಟುಹಬ್ಬದ ದಿನ ಬಂದು ಕೀಲಿ ನಿನ್ನ ಕೈಗಿಡುತ್ತೇನೆ. ನಿನ್ನ ಹಣ ನಿನ್ನ ಹತ್ತಿರವೇ ಇರಲಿ.

ನಾನು ಪತ್ರ ಬರೆದದ್ದು ನಿನಗೆ. ಅವನು ಜೇಬಿನಲ್ಲಿಟ್ಟುಕೊಂಡು ತಿರುಗಲಿ ಎಂದಲ್ಲ.

ಇನ್ನೊಂದು. ಆ ಹೆಂಗಸು ಕೇಳಿದಳಲ್ಲ, ನೀನು ಏನು ಹೇಳಿದೆ? ಬರೆದಿಲ್ಲ.

ಅಪ್ಪ


ಬೇ ಸಿಟಿ
26 ಏಪ್ರಿಲ್ 1981

ಪ್ರೀತಿಯ ಅಪ್ಪ,

ಶೆವೆಲ್! ಪತ್ರ ಬಂದ ದಿನ ಶಾಲೆಯಲ್ಲಿ ನನ್ನ ತಲೆಯೊಳಗೆ ಪಾಠ ಹೋಗಲಿಲ್ಲ. ಬರ್ನಡೆಟ್‌ಗೆ ಫೋನ್ ಮಾಡಿ, ಸದ್ಯಕ್ಕೆ ಬೇಡ, ನಮ್ಮಪ್ಪ ಬೇರೆ ತರುತ್ತಿದ್ದಾನೆ ಎಂದೆ. "ಯಾವ ಅಪ್ಪ?" ಎಂದಳು. "ಪತ್ರ ಬರ್ದಿದ್ನಲ್ಲ, ಅವನು" ಎಂದೆ. "ಸರಿ ಬಿಡು, ಮಕ್ಕಳು ಹುಟ್ಟೋವರೆಗೂ ಯಾರಿಗೂ ಕೊಡಲ್ಲ" ಎಂದಳು.

ಎಲ್ಡನ್‌ಗೆ ಹೇಳಿದಾಗ ಅವನು, "ಅದೇ ಒಳ್ಳೇದು ಬಿಡು, ಕಾರಿನ ವಿಷ್ಯ ಅವರಿಗೆ ಗೊತ್ತು" ಎಂದ. ಆಮೇಲೆ ಕೋಳಿಮರಿಯನ್ನು ತಂದು ಮತ್ತೆ ಫ್ರಿಜ್ಜಿನ ಮೇಲೆ ಅಂಟಿಸಿದ.

ಹದಿನಾರನೇ ತಾರೀಕು ಶನಿವಾರ. ಅಮ್ಮ ನಿನಗೂ ಅಡುಗೆ ಮಾಡುತ್ತಾಳಂತೆ. ಅವಳಾಗಿಯೇ ಹೇಳಿದಳು.

ನಿನ್ನ
ಕೊರಿನ್


ಬೇ ಸಿಟಿ
24 ಮೇ 1981

ಅಪ್ಪ,

ನೀನು ಬರಲಿಲ್ಲ.

ಬೆಳಗ್ಗೆಯಿಂದ ಮೆಟ್ಟಿಲ ಮೇಲೆ ಕೂತಿದ್ದೆ. ಬೀದಿ ತಿರುವಿನಲ್ಲಿ ದೊಡ್ಡ ಇಂಜಿನ್ ಸದ್ದು ಕೇಳಿದಾಗಲೆಲ್ಲ ಎದ್ದು ನಿಂತೆ. ಒಮ್ಮೆ ಕಸದ ಲಾರಿ. ಸಂಜೆ ನಿನ್ನ ಫೋನ್ ಬಂತು. ಬಾವಿಯಲ್ಲಿ ತುರ್ತು ಕೆಲಸ, ಬಿಡುತ್ತಿಲ್ಲ ಎಂದೆ ನೀನು. ಹಿಂದೆ ಯಾರೋ ನಗುತ್ತಿದ್ದರು, ಹಾಡು ಕೇಳುತ್ತಿತ್ತು. ನಾನು ಫೋನ್ ಇಟ್ಟೆ.

ಅಮ್ಮ ಎಂದಿನ ಹಾಗೆ, "ನಾ ಹೇಳಿರಲಿಲ್ವಾ" ಎನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. ಅದು ಇನ್ನೂ ಕಷ್ಟವಾಯಿತು. ಎಲ್ಡನ್ ಪಕ್ಕದಲ್ಲಿ ಬಂದು ಕೂತು, "ದೂರ ಜಾಸ್ತಿ ಕಣಮ್ಮ. ಕೆಲ್ಸ ಬಿಟ್ಟು ಬರೋಕಾಗಿರಲ್ಲ" ಎಂದು ನಿನ್ನ ಪರವಾಗಿ ಮಾತಾಡಿದ. ಅವನ ಮೇಲೆ ರೇಗಿದೆ. ರೇಗಬೇಕಾದದ್ದು ಅವನ ಮೇಲಲ್ಲ.

ಕೊರಿನ್


ಒಡೆಸ್ಸಾ
2 ಜೂನ್ 1981

ಕೋರಿ,

ಹುಡುಗರು ಊಟದ ಮನೆಯಲ್ಲಿ ರೇಡಿಯೋ ಹಾಕಿದ್ದರು, ಅಷ್ಟೇ. ಕಾರು ಕೊಂಡಾಗಿದೆ. ನನ್ನ ಕಿಟಕಿಯ ಮುಂದೆಯೇ ನಿಂತಿದೆ. ಜೂನ್ ಇಪ್ಪತ್ತೇಳಕ್ಕೆ ಖಂಡಿತ ಬರುತ್ತೇನೆ.

ಅವನು ನನ್ನ ಪರ ಮಾತಾಡುವುದು ಬೇಡ. ನನ್ನ ಮಗಳ ಹತ್ತಿರ ನನ್ನ ಪರ ಮಾತಾಡಲು ಅವನು ಯಾರು?

ನಾನು ಕೇಳಿದ್ದಕ್ಕೆ ನೀನು ಇನ್ನೂ ಉತ್ತರ ಕೊಟ್ಟಿಲ್ಲ.

ಅಪ್ಪ


ಬೇ ಸಿಟಿ
5 ಜುಲೈ 1981

ಅಪ್ಪ,

ಬಂದವನು ನೀನು ಊಟ ಮಾಡದೆ ಹೋದೆ. ಅಮ್ಮ ಬಾಣಲೆಯಲ್ಲಿ ಮೀನು ಹಾಕಿದ್ದಳು. ಮಾತು ಮುಗಿಸಲು ನೀನು ನನಗೆ ಅವಕಾಶ ಕೊಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಶೆವೆಲ್ ತಿರುಗಿಸಿಕೊಂಡು ಬೀದಿಗೆ ಬಂದಾಗ ನಮ್ಮ ಮನೆಯ ಮುಂದೆ ಡಸ್ಟರ್ ನಿಂತಿರುವುದನ್ನು ನೋಡಿ ನಿನ್ನ ಮುಖ ಹೇಗಾಯಿತು ಎಂದು ಕಂಡೆ. ಅದನ್ನು ನಾನು ಕೊಂಡದ್ದು ನೀನು ಬರುವ ಹಿಂದಿನ ವಾರ. ಬರ್ನಡೆಟ್‌ಗೆ ಹೆರಿಗೆಯಾಗಿ ಎರಡೂ ಹೆಣ್ಣುಮಕ್ಕಳು, ಅವಳೇ ಫೋನ್ ಮಾಡಿ, "ಬರ್ತೀಯೋ ಇಲ್ವೋ" ಎಂದಳು. ನೀನು ಬರುತ್ತೀಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಕೆಳಗಿಳಿದ ಕೂಡಲೇ ನೀನು, "ಎರಡನ್ನೂ ಓಡ್ಸು. ಆಮೇಲೆ ಹೇಳು, ಯಾವುದು ಕಾರು, ಯಾವುದು ಗುಜರಿ" ಎಂದೆ. ಸಕ್ಕರೆ ಬೀಟ್‌ರೂಟ್ ಹೊಲಗಳ ನಡುವಿನ ನೇರ ರಸ್ತೆಯಲ್ಲಿ ನೀನು ಪಕ್ಕದಲ್ಲಿ ಕೂತು ನಾನು ಶೆವೆಲ್ ಓಡಿಸಿದೆ. ಅಂಥ ಕಾರನ್ನು ನಾನು ಮುಟ್ಟಿಯೇ ಇರಲಿಲ್ಲ. ಗೇರು ಬದಲಿಸುವಾಗ ನಿನ್ನ ಕೈ ನನ್ನ ಕೈಯ ಮೇಲಿತ್ತು. "ಈಗ ಬಿಡು, ಈಗ ಒತ್ತು, ಹಾಂ, ನನ್ನ ಮಗಳು" ಎನ್ನುತ್ತಿದ್ದೆ. ಆ ರಸ್ತೆ ಮುಗಿಯದೇ ಇದ್ದಿದ್ದರೆ ಎನ್ನಿಸಿತ್ತು.

ಆದರೆ ಸೇತುವೆಯ ಹತ್ತಿರ ನೀನು ಕೇಳಿದೆ, "ಆ ಹೆಂಗಸು ಕೇಳ್ದಾಗ ಏನಂದೆ?"

"ಹೌದು ಅಂದೆ" ಎಂದೆ.

"ಏನು ಹೌದು?"

"ಅವನು ನಮ್ಮಪ್ಪ, ಹೌದು ಅಂದೆ."

ನೀನು ಕೈ ತೆಗೆದೆ. "ಗಾಡಿ ತಿರುಗ್ಸು" ಎಂದೆ, ಅಷ್ಟೇ. ಮನೆಗೆ ಬರುವವರೆಗೆ ಕಿಟಕಿಯ ಆಚೆ ನೋಡುತ್ತಿದ್ದೆ.

ಆಮೇಲೆ ಡಸ್ಟರ್. ಎಲ್ಡನ್ ಕೂರುವುದಿಲ್ಲ ಎಂದ, ನೀನೇ ಹಟ ಹಿಡಿದು ಅವನನ್ನು ಕೂರಿಸಿದೆ. ಬೀದಿ ಮೂಲೆಯ ಸ್ಟಾಪ್ ಫಲಕದ ಹತ್ತಿರ ಅದು ಕೆಮ್ಮಿ ನಿಂತುಹೋಯಿತು. ಎಲ್ಡನ್ ಮತ್ತು ನಾನು ಇಳಿದು ಮನೆಯ ತನಕ ತಳ್ಳಿಕೊಂಡು ಬಂದೆವು. ನೀನು ಶೆವೆಲ್‌ಗೆ ಒರಗಿ ಕೈಕಟ್ಟಿ ನಿಂತು, "ಹೂವಿನ ಚಟ್ಟ ಬಂತು, ದಾರಿ ಬಿಡ್ರೋ" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕೆ. ಎಲ್ಡನ್‌ಗೆ ಉಸಿರು ಕಟ್ಟುತ್ತಿತ್ತು. ಆದರೂ ಅವನೂ ನಕ್ಕ.

"ಯಾವುದು ಬೇಕು? ಈಗ್ಲೇ ಹೇಳು" ಎಂದೆ ನೀನು. ನಾನು ಡಸ್ಟರಿನ ಮೇಲೆ ಕೈಯಿಟ್ಟೆ. ನೀನು ಹೊರಟುಹೋದೆ.

ನೀನು ಹೇಳಲು ಬಿಡದೇ ಇದ್ದದ್ದು ಇಷ್ಟು. ಶೆವೆಲ್ ಚೆನ್ನಾಗಿದೆ, ನನ್ನದಕ್ಕಿಂತ ಎಲ್ಲದರಲ್ಲೂ ಚೆನ್ನಾಗಿದೆ. ಆದರೆ ಅದನ್ನು ಆರಿಸಿದ್ದು ನೀನು. ಅದರಲ್ಲಿ ಸ್ಟೀರಿಂಗ್ ಹಿಡಿದಿದ್ದರೂ ನಾನು ನಿನ್ನ ತೊಡೆಯ ಮೇಲೇ ಕೂತಿರುತ್ತಿದ್ದೆ. ಡಸ್ಟರನ್ನು ಆರಿಸಿದ್ದು ನಾನು. ಎಲ್ಡನ್ ಅಲ್ಲ.

ಬರೆ.

ಕೊರಿನ್


ಬೇ ಸಿಟಿ
16 ಆಗಸ್ಟ್ 1981

ಅಪ್ಪ,

ಕಾರಿನ ನೆಲಕ್ಕೆ ತಗಡು ಬೆಸೆದಾಯಿತು. ಶಾಲೆಯ ವರ್ಕ್‌ಶಾಪ್ ಮೇಷ್ಟ್ರು ತೋರಿಸಿಕೊಟ್ಟರು, ಬೆಸೆದದ್ದು ನಾನೇ. ನಿಂತುಹೋಗುತ್ತಿದ್ದದ್ದು ಕಾರ್ಬುರೇಟರಿನ ಕೊಳೆಯಿಂದ.

ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ.

ಕೊರಿನ್


ಒಡೆಸ್ಸಾ
20 ಸೆಪ್ಟೆಂಬರ್ 1981

ಎಲ್ಡನ್ ಪ್ರುವೆಟ್ ಅವರಿಗೆ,

ಮಗಳಿಗೆ ಬರೆಯಲು ಮೂರು ಸಲ ಕೂತೆ. ಮೂರು ಸಲವೂ ಅದು ನಿಮ್ಮನ್ನು ಬೈಯುವ ಪತ್ರವಾಯಿತು. ಹಾಗಾಗಿ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ.

ಶೆವೆಲ್ ಈಗಿಲ್ಲ. ವಾಪಸು ಬರುವಾಗ ತುಲ್ಸಾದಲ್ಲಿ ಮಾರಿ ಬಸ್ಸು ಹತ್ತಿದೆ. ಅಷ್ಟು ದೂರ ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಓಡಿಸಲು ನನ್ನಿಂದ ಆಗಲಿಲ್ಲ.

ನಿಮ್ಮ ಬಗ್ಗೆ ನನಗಿರುವ ಹೊಟ್ಟೆಯುರಿಗೆ ಮಾರ್ಲಾ ಕಾರಣವಲ್ಲ. ಅವಳೂ ನಾನೂ ಒಬ್ಬರಿಗೊಬ್ಬರು ಆಗಿಬರುವವರಲ್ಲ. ಕಾರಣ ನಿಮ್ಮ ಏಪ್ರನ್. ನನ್ನ ಮಗಳ ಮೊದಲ ಕಾರಿನ ಅಡಿಯಲ್ಲಿ, ನಾನು ಬರೆದ ಮಾತುಗಳನ್ನು ಹಿಡಿದುಕೊಂಡು, ನೀವು ಕೆಸರಿನಲ್ಲಿ ಮಲಗಿದಿರಿ. ಆ ಕೆಸರು ನನ್ನದಾಗಬೇಕಿತ್ತು. ಕೆಲಸ ಮಾಡುವಾಗಲೂ ಅದೇ ಕಣ್ಣಮುಂದೆ ಬರುತ್ತದೆ. ನಿಮಗೆ ಅದು ಏನೂ ಅಲ್ಲ, ಬಟ್ಟೆ ಒಗೆದರೆ ಹೋಗುವಂಥದ್ದು.

ಕಾರನ್ನು ನೀವು ತಳ್ಳುತ್ತಿದ್ದಾಗ ನಕ್ಕದ್ದು ಸರಿಯಲ್ಲ. ಅಷ್ಟನ್ನು ಹೇಳಬೇಕೆಂದು ಬರೆದೆ.

ಲಾಯ್ಡ್ ಟ್ರಾಂಬ್ಲಿ


ಬೇ ಸಿಟಿ
4 ಅಕ್ಟೋಬರ್ 1981

ಲಾಯ್ಡ್ ಅವರಿಗೆ,

ನಿಮ್ಮ ಪತ್ರ ಅಂಗಡಿಯ ವಿಳಾಸಕ್ಕೆ ಬಂದದ್ದು ಒಳ್ಳೆಯದಾಯಿತು. ಮನೆಯಲ್ಲಿ ಯಾರಿಗೂ ತೋರಿಸಿಲ್ಲ.

ಕೆಸರಿನ ವಿಷಯ. ಅದು ಏನೂ ಅಲ್ಲ ಎಂದಿರಿ. ನನಗೆ ಮಕ್ಕಳಿಲ್ಲ, ಆಗುವುದೂ ಇಲ್ಲ. ಬರ್ನಡೆಟ್ ಎಂಬಾಕೆ ಕೇಳಿದ್ದು ನನಗೂ ಕೇಳಿಸಿತ್ತು. ಕೊರಿನ್ ಹೌದು ಎಂದದ್ದೂ ಕೇಳಿಸಿತು. ವ್ಯಾಪಾರದ ಮಾತಿನ ನಡುವೆ ಮನೆ ಕತೆಯೆಲ್ಲ ಬಿಡಿಸಿ ಹೇಳುವ ತೊಂದರೆ ತಪ್ಪಿಸಿಕೊಳ್ಳಲು ಅಂದಳು ಎಂದು ನನಗೆ ಗೊತ್ತು. ಗೊತ್ತಿದ್ದೂ ಆ ಒಂದು ಮಾತಿನಲ್ಲಿ ಒಂದು ವಾರ ಬದುಕಿದೆ. ಹೂ ಕತ್ತರಿಸುವಾಗ ನನ್ನಷ್ಟಕ್ಕೆ ನಗುತ್ತಿದ್ದೆನಂತೆ, ಅಂಗಡಿಯ ಹುಡುಗಿ ಹೇಳಿದಳು.

ಅಂದು ಕಾರು ನೋಡಿ ವಾಪಸು ಬರುವ ದಾರಿಯಲ್ಲಿ ಅವಳು ಅಳುತ್ತಿದ್ದಳು. ಏಕೆ ಎಂದು ಕೇಳಿದ್ದಕ್ಕೆ, "ಅಪ್ಪನಿಗೆ ಮೋಸ ಮಾಡ್ದಂಗಾಯ್ತು" ಎಂದಳು. "ಮುಂದಿನ ಸಲ ಯಾರಾದ್ರೂ ಕೇಳಿದ್ರೆ ಹೂವಿನಂಗಡಿಯವ್ನು ಅನ್ನು" ಎಂದೆ. ನಕ್ಕಳು. ಅಲ್ಲಿಗೆ ನನ್ನ ಕತೆ ಮುಗಿಯಬೇಕಿತ್ತು.

ಇಂಜಿನ್ ಸ್ಟಾರ್ಟ್ ಮಾಡಿದಾಗ ಅವಳು ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಾಳೆ. ಜೂನಿನಲ್ಲಿ ನೀವು ಡಸ್ಟರಿನ ಬಾನೆಟ್ ಮುಂದೆ ನಿಂತಾಗ ನಿಮ್ಮ ತಲೆಯೂ ಎಡಕ್ಕೇ ವಾಲಿತ್ತು. ನಾನು ಎಷ್ಟು ಸಲ ಕೆಸರಿನಲ್ಲಿ ಮಲಗಿದರೂ ಆ ವಾಲು ನನಗೆ ಬರುವುದಿಲ್ಲ. ಆ ದಿನ ಮೂಲೆಯಿಂದ ಕಾರು ತಳ್ಳಿದ್ದಕ್ಕಿಂತ ಅದನ್ನು ನೋಡಿದ್ದು ನನಗೆ ಹೆಚ್ಚು ಭಾರವಾಯಿತು. ಹೊಟ್ಟೆಯುರಿ ನಿಮ್ಮೊಬ್ಬರ ಸೊತ್ತು ಎಂದುಕೊಳ್ಳಬೇಡಿ.

ಅವಳು ಟಪಾಲಿನವನ ದಾರಿ ಕಾಯುತ್ತಾಳೆ. ಬರೆಯಿರಿ.

ಎಲ್ಡನ್ ಪ್ರುವೆಟ್


ಒಡೆಸ್ಸಾ
18 ಅಕ್ಟೋಬರ್ 1981

ಕೋರಿ ಮಗಳೇ,

ಬೆಸೆದ ಜಾಗಕ್ಕೆ ಕೆಳಗಿನಿಂದ ಟಾರು ಬಳಿದೆಯಾ? ಹಿಮ ಬೀಳುವುದರೊಳಗೆ ಬಳಿ. ಇಲ್ಲದಿದ್ದರೆ ಒಂದೇ ಚಳಿಗಾಲದಲ್ಲಿ ಉಪ್ಪು ಅದನ್ನೂ ತಿಂದುಹಾಕುತ್ತದೆ. ಕಾರ್ಬುರೇಟರಿನ ಕೊಳೆ ಎಂದು ಹೇಗೆ ಕಂಡುಹಿಡಿದೆ? ವಿವರವಾಗಿ ಬರೆ.

ಹೆಚ್ಚು ಬರೆಯಲು ಇವತ್ತು ಆಗುತ್ತಿಲ್ಲ.

ಅಪ್ಪ


ಬೇ ಸಿಟಿ
22 ನವೆಂಬರ್ 1981

ಪ್ರೀತಿಯ ಅಪ್ಪ,

ಟಾರು ಬಳಿದಾಯಿತು, ಕೂದಲಿಗೂ ಬಳಿದುಕೊಂಡೆ. ಅಮ್ಮ ಸೀಮೆಎಣ್ಣೆ ಹಾಕಿ ತಿಕ್ಕಿದಳು.

ಒಂದು ಸುದ್ದಿ. ಕ್ರಿಸ್ಮಸ್ ಮುಗಿದ ಮಾರನೆಯ ದಿನ ಡಸ್ಟರ್‌ನಲ್ಲಿ ಟೆಕ್ಸಾಸಿಗೆ ಹೊರಡುತ್ತೇನೆ. ನೀನಿರುವ ಕಡೆಗೆ ನಾನೇ ಬರುತ್ತೇನೆ. ಅಮ್ಮ ಮೊದಲು, "ತಲೆ ಕೆಟ್ಟಿದ್ಯಾ" ಎಂದಳು. ನಾಲ್ಕು ದಿನ ಮಾತು ಬಿಟ್ಟಳು. ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ, ಎಲ್ಡನ್ ಜೊತೆಗೆ ಬರಬೇಕು. ಅವನು, "ಅಲ್ಲಿ ಬಂದು ನಾನೇನ್ ಮಾಡ್ಲಿ, ಟೆಕ್ಸಾಸ್ ಗಡಿವರೆಗೂ ಬಿಟ್ಟು ಬಸ್ಸಲ್ಲಿ ವಾಪಸ್ ಬಂದ್ಬಿಡ್ತೀನಿ" ಎನ್ನುತ್ತಾನೆ. ಗಡಿಯಿಂದ ನಿನ್ನ ಮನೆಯವರೆಗೆ ಒಬ್ಬಳೇ ಬರಲು ಅಮ್ಮ ಬಿಡುವುದಿಲ್ಲ.

ನೀನೇ ಹೇಳು, ಏನು ಮಾಡಲಿ?

ನಿನ್ನ
ಕೊರಿನ್


ಒಡೆಸ್ಸಾ
1 ಡಿಸೆಂಬರ್ 1981

ಕೋರಿ ಮಗಳೇ,

ಮಿಶಿಗನ್ನಿನಿಂದ ಅರ್ಕಾನ್ಸಾಸ್ ರಾಜ್ಯದ ಕೊನೆಯವರೆಗೆ ಮುಂದಿನ ಸೀಟು ಎಲ್ಡನ್‌ಗೆ ಇರಲಿ. ನಾನು ಬಸ್ಸಿನಲ್ಲಿ ಟೆಕ್ಸಾರ್ಕಾನಾಕ್ಕೆ ಬಂದು, ಗಡಿಯ ಈಚೆ ಕಾಯುತ್ತಿರುತ್ತೇನೆ. ಅಲ್ಲಿಂದ ಮನೆಯವರೆಗೆ ಆ ಸೀಟು ನನ್ನದು. ಟೆಕ್ಸಾಸ್ ಎಷ್ಟು ಅಗಲ ಎಂದು ನಿಮ್ಮ ಭೂಗೋಳದ ಪುಸ್ತಕದಲ್ಲಿ ನೋಡು. ಓಡಿಸುತ್ತಾ ಓಡಿಸುತ್ತಾ ದಿನವೇ ಮುಗಿದುಹೋಗುತ್ತದೆ, ರಾಜ್ಯ ಮುಗಿಯುವುದಿಲ್ಲ. ಇಷ್ಟು ದೊಡ್ಡ ರಾಜ್ಯದಲ್ಲಿ ಇದ್ದದ್ದಕ್ಕೆ ಮೊದಲ ಸಲ ಖುಷಿಯಾಗುತ್ತಿದೆ.

ಅವನು ವಾಪಸು ಬಸ್ಸು ಹತ್ತುವುದು ಬೇಡ. ನನ್ನ ಹತ್ತಿರ ಇರುವುದು ಒಂದೇ ಮಂಚ, ಅದರಲ್ಲಿ ಅವನು ಮಲಗಲಿ, ನಿನಗೆ ಸೋಫಾ, ನಾನು ನೆಲದಲ್ಲಿ ಮಲಗುತ್ತೇನೆ. ಟೆಕ್ಸಾಸಿನಲ್ಲಿ ಅವನು ಹಿಂದಿನ ಸೀಟಿನಲ್ಲಿ ಕೂರಲಿ. ನಿದ್ದೆ ಮಾಡುತ್ತಿದ್ದರೆ ಇನ್ನೂ ಒಳ್ಳೆಯದು.

ನಿನ್ನ ಅಪ್ಪ
ಲಾಯ್ಡ್